ಮನೆಯಲ್ಲೇ ಸ್ಕ್ರ್ಯಾಚ್ ಮಿಕ್ಸರ್ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ರೆಕಾರ್ಡಿನ ಮೇಲೆ ಕೈಯಿಟ್ಟು ಸ್ಕ್ರ್ಯಾಚ್ ಕಲಿಯಬೇಕು ಅನ್ನುವವರು ಶಿವಮೊಗ್ಗದಲ್ಲೂ ಇದ್ದಾರೆ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯೂ ಇದ್ದಾರೆ. ಅವರು ಮಾತಿನ ಮಧ್ಯೆ, ಪತ್ರದಲ್ಲಿ, ಮೆಸೇಜಿನಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ. ಮೊದಲಿನಿಂದ ಓದಬೇಕು ಅಂತಿಲ್ಲ, ನಿಮ್ಮ ಪ್ರಶ್ನೆ ಇರುವಲ್ಲಿಗೆ ನೇರವಾಗಿ ಹೋಗಿ.

ಉತ್ತರಗಳೆಲ್ಲ ಒಂದೇ ಮಿಕ್ಸರ್ ಬಗ್ಗೆ. ಎರಡು ಸ್ಟೀರಿಯೊ ಚಾನೆಲ್, ಚಾನೆಲ್‌ಗೊಂದು ವಾಲ್ಯೂಮ್, ಮಧ್ಯೆ ಒಂದು ಕ್ರಾಸ್‌ಫೇಡರ್ (ಎಡ ಬಲ ಜಾರಿಸಿ ಒಂದು ಚಾನೆಲ್ ಮುಚ್ಚಿ ಇನ್ನೊಂದನ್ನು ತೆರೆಯುವ ಗುಂಡಿ), ಒಂದು ಔಟ್‌ಪುಟ್. ಎಕೋ ಇಲ್ಲ, ಈಕ್ವಲೈಜರ್ ಇಲ್ಲ, ಮಿಣಮಿಣ ದೀಪ ಇಲ್ಲ. ಇರುವ ದುಡ್ಡು, ಇರುವ ತಾಳ್ಮೆ ಎರಡೂ ಕ್ರಾಸ್‌ಫೇಡರ್‌ಗೇ ಹೋಗಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

## ಶುರು ಮಾಡುವವರಿಗೆ

ಸ್ಕ್ರ್ಯಾಚಿಂಗ್ ಅಂದ್ರೆ ರೆಕಾರ್ಡನ್ನ ಹಿಂದೆ ಮುಂದೆ ಉಜ್ಜೋದು ತಾನೇ? ಅದಕ್ಕೆ ಮಿಕ್ಸರ್ ಯಾಕೆ ಬೇಕು?

ಉಜ್ಜುವುದು ಅರ್ಧ ಕೆಲಸ ಮಾತ್ರ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಇದು ಹುಟ್ಟಿತು. ಮೊದಲು ಮಾಡಿದವನು ಅಂತ ಗ್ರ್ಯಾಂಡ್ ವಿಜರ್ಡ್ ಥಿಯೊಡೋರ್ ಹೆಸರು ಹೇಳುತ್ತಾರೆ. ಒಂದು ಕೈ ರೆಕಾರ್ಡನ್ನು ಎಳೆದು ತಳ್ಳುತ್ತೆ. ಇನ್ನೊಂದು ಕೈ ಫೇಡರ್‌ನಿಂದ ಆ ಸದ್ದನ್ನು ಕತ್ತರಿಸಿ ತುಂಡು ಮಾಡುತ್ತೆ. ರೆಕಾರ್ಡ್ ಹಿಂದೆ ಬರುವಾಗ ಫೇಡರ್ ಮುಚ್ಚಿದರೆ ಮುಂದಿನ ಸದ್ದು ಮಾತ್ರ ಕೇಳುತ್ತೆ. ಒಂದೇ ತಳ್ಳಿನಲ್ಲಿ ಮೂರು ಸಲ ಮುಚ್ಚಿ ತೆರೆದರೆ ಅದೇ ಸದ್ದು ತಾಳವಾಗುತ್ತೆ. ಮಾತಿಗೆ ನಾಲಿಗೆ ಹೇಗೋ ಸ್ಕ್ರ್ಯಾಚಿಗೆ ಕ್ರಾಸ್‌ಫೇಡರ್ ಹಾಗೆ.

ಅಂಗಡಿಯಲ್ಲಿ ಸಿಗೋ ಮಿಕ್ಸರ್ ತಗೊಂಡ್ರೆ ಆಗಲ್ವಾ?

ಖಂಡಿತ ಆಗುತ್ತೆ, ಆದರೆ ನೋಡಿ ತಗೊಳ್ಳಿ. ಅಗ್ಗದ ಮಿಕ್ಸರ್‌ಗಳು ಒಂದು ಹಾಡಿನಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟುವುದಕ್ಕೆ ಮಾಡಿದವು. ಅವುಗಳ ಕ್ರಾಸ್‌ಫೇಡರ್ ಅರ್ಧ ದೂರ ಹೋದ ಮೇಲೆ ಸದ್ದು ಪೂರ್ತಿ ತೆರೆಯುತ್ತೆ. ಸ್ಕ್ರ್ಯಾಚಿಗೆ ತುದಿಯಿಂದ ಒಂದೆರಡು ಮಿಲಿಮೀಟರ್‌ನಲ್ಲೇ ತೆರೆಯಬೇಕು. ಹಾಗೆ ಮಾಡುವ ಮಿಕ್ಸರ್‌ಗಳಿಗೆ ಬೆಲೆ ಜಾಸ್ತಿ. ಜೊತೆಗೆ ಅವುಗಳ ಫೇಡರ್ ಹಾಳಾದರೆ ಬದಲಿ ಫೇಡರ್ ಶಿವಮೊಗ್ಗಕ್ಕೆ ಬರುವವರೆಗೆ ಕಾಯುತ್ತ ಕೂರಬೇಕು. ನೀವೇ ಕಟ್ಟಿದ್ದಾದರೆ ಸಂಜೆಯೊಳಗೆ ಬಿಚ್ಚಿ ಬದಲಿಸಬಹುದು.

ನಮ್ಮ ಅಜ್ಜನ ಕಾಲದ ರೆಕಾರ್ಡ್ ಪ್ಲೇಯರ್ ಅಟ್ಟದ ಮೇಲಿದೆ. ಅದರಲ್ಲೇ ಸ್ಕ್ರ್ಯಾಚ್ ಮಾಡ್ಬಹುದಾ?

ದಯವಿಟ್ಟು ಬೇಡ. ಹಳೆಯ 78 ವೇಗದ ರೆಕಾರ್ಡ್‌ಗಳು ಅರಗಿನವು, ಕೈ ಸ್ವಲ್ಪ ಬಿರುಸಾದರೂ ಒಡೆಯುತ್ತವೆ. ಒಡೆದ ಹಾಡು ಮತ್ತೆ ಸಿಗುವುದಿಲ್ಲ. ಅಂಥ ಪ್ಲೇಯರ್‌ನ ಮುಳ್ಳು ಭಾರ, ತಟ್ಟೆ ತಿರುಗುವುದು ಬೆಲ್ಟ್ ಅಥವಾ ರಬ್ಬರ್ ಚಕ್ರದಿಂದ. ಕೈಯಿಂದ ಹಿಡಿದು ಬಿಟ್ಟರೆ ವೇಗಕ್ಕೆ ಬರಲು ತಡವಾಗುತ್ತೆ. ಸ್ಕ್ರ್ಯಾಚಿಗೆ ಬೇಕಾದ್ದು ಡೈರೆಕ್ಟ್ ಡ್ರೈವ್, ಅಂದರೆ ಮೋಟಾರಿನ ಮೇಲೇ ತಟ್ಟೆ ಕೂತಿರುವ ಟರ್ನ್‌ಟೇಬಲ್. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಇವತ್ತಿಗೂ ಇದಕ್ಕೆ ಹೆಸರುವಾಸಿ. ಅಜ್ಜನ ಪ್ಲೇಯರ್ ಒರೆಸಿ, ಆ ರೆಕಾರ್ಡ್‌ಗಳನ್ನು ಕೇಳಿ. ಅದಕ್ಕೆ ಅದೇ ಸರಿ.

ಟರ್ನ್‌ಟೇಬಲ್ ಇನ್ನೂ ತಗೊಂಡಿಲ್ಲ. ಅಲ್ಲಿವರೆಗೆ ಮಿಕ್ಸರ್ ಕಟ್ಟಿ ಏನು ಮಾಡೋದು?

ಫೇಡರ್ ಕೈ ಪಳಗಿಸಿ. ಗೆಳೆಯನೊಬ್ಬ ಉದ್ದಕ್ಕೆ 'ಆ...' ಅನ್ನುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಲೂಪ್ ಹಾಕಿ, ಒಂದು ಚಾನೆಲ್‌ಗೆ ಕೊಡಿ. ಇನ್ನೊಂದು ಚಾನೆಲ್‌ಗೆ ಏನೂ ಬೇಡ. ಪಕ್ಕದಲ್ಲಿ ಬೇರೆ ಸ್ಪೀಕರಿನಲ್ಲಿ ನಿಧಾನದ ಬೀಟ್ ಹಾಕಿಕೊಂಡು ಆ 'ಆ' ಸದ್ದನ್ನು ತಾಳಕ್ಕೆ ಸರಿಯಾಗಿ ಕತ್ತರಿಸಿ. ಟ್ರಾನ್ಸ್‌ಫಾರ್ಮ್ ಅನ್ನುವ ಸ್ಕ್ರ್ಯಾಚಿನ ಫೇಡರ್ ಕೈ ಕೆಲಸ ಪೂರ್ತಿ ಇದೇ. ಟರ್ನ್‌ಟೇಬಲ್ ಬರುವ ಹೊತ್ತಿಗೆ ಆ ಕೈ ತಯಾರಾಗಿರುತ್ತೆ.

ನಾನು ಕಾಮರ್ಸ್ ಓದಿದ್ದು. ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲ. ನನ್ನ ಕೈಲಾಗುತ್ತಾ?

ಆಗುತ್ತೆ. ಮೂರು ವಿಷಯ ಗೊತ್ತಿದ್ದರೆ ಸಾಕು: ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ನೋಡುವುದು, ರೆಸಿಸ್ಟರ್‌ನ ಬಣ್ಣದ ಪಟ್ಟಿ ಓದುವುದು, ಶುದ್ಧವಾಗಿ ಸೋಲ್ಡರ್ ಮಾಡುವುದು. ಮೂರನೆಯದಕ್ಕೆ ಹಳೆಯ ಬೋರ್ಡಿನ ಮೇಲೆ ಅಭ್ಯಾಸ ಮಾಡಿ. ಐರನ್ ತುದಿಯನ್ನು ಬೋರ್ಡಿನ ಪ್ಯಾಡಿಗೂ ಬಿಡಿಭಾಗದ ಕಾಲಿಗೂ ಒಟ್ಟಿಗೆ ತಾಗಿಸಿ, ಎರಡೂ ಕಾದ ಮೇಲೆ ಲೆಡ್ (ಸೋಲ್ಡರ್ ತಂತಿ) ಕೊಡಿ. ಅದು ಹರಿದು, ಹೊಳೆದು, ಕಾಲಿನ ಸುತ್ತ ಸಣ್ಣ ಗುಡ್ಡದ ಹಾಗೆ ನಿಂತರೆ ಸರಿ. ಉಂಡೆಯಾಗಿ ಕೂತರೆ ಮತ್ತೆ ಕಾಯಿಸಿ.

ಒಂದೇ ಒಂದು ಎಚ್ಚರಿಕೆ. ಮನೆಯ 230 ವೋಲ್ಟ್ ಕರೆಂಟು ಸೇರುವ ಭಾಗವನ್ನು ಮೊದಲ ಸಲ ಒಬ್ಬರೇ ಮಾಡಬೇಡಿ. ಅನುಭವ ಇರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಇಲ್ಲವಾದರೆ ಬ್ಯಾಟರಿಯಲ್ಲೇ ಓಡಿಸಿ.

ಗಣಪತಿ ಮೆರವಣಿಗೆಗೆ ಇದನ್ನೇ ಹಾಕ್ಬಹುದಾ ಅಣ್ಣಾ?

ಬೇಡ. ಇದು ಮನೆಯಲ್ಲಿ ಕಲಿಯುವುದಕ್ಕೆ, ಚಿಕ್ಕ ವೇದಿಕೆಯಲ್ಲಿ ನುಡಿಸುವುದಕ್ಕೆ. ಮೆರವಣಿಗೆಯ ಧೂಳು, ಜನರೇಟರ್, ಮಳೆಗೆ ತಡೆಯುವ ಹಾಗೆ ಕಟ್ಟಿದ್ದಲ್ಲ. ಇನ್ನು ಸದ್ದಿಗೆ ಕಾನೂನೂ ಇದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶಕ್ಕೆ ಹಗಲಲ್ಲಿ 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಲೌಡ್‌ಸ್ಪೀಕರ್ ಹಾಕುವ ಹಾಗಿಲ್ಲ. ಸ್ಕ್ರ್ಯಾಚ್ ಕೇಳಿಸಬೇಕಾದರೆ ಸ್ಪಷ್ಟವಾದ ಸದ್ದು ಬೇಕು, ಎದೆ ನಡುಗಿಸುವ ಸದ್ದಲ್ಲ.

## ಸಾಮಾನಿನ ಬಗ್ಗೆ

ಸಾಮಾನು ಶಿವಮೊಗ್ಗದಲ್ಲೇ ಸಿಗುತ್ತಾ, ಬೆಂಗಳೂರಿಗೆ ಹೋಗ್ಬೇಕಾ?

ಮುಕ್ಕಾಲು ಪಾಲು ಇಲ್ಲೇ ಸಿಗುತ್ತೆ. ಆಂಪ್ಲಿಫೈಯರ್, ಟಿವಿ ರಿಪೇರಿ ಮಾಡುವವರು ಬಳಸುವುದೂ ಇವೇ ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್, 7812 (ವೋಲ್ಟೇಜನ್ನು 12ಕ್ಕೆ ನಿಲ್ಲಿಸುವ ರೆಗ್ಯುಲೇಟರ್), ಆರ್‌ಸಿಎ ಸಾಕೆಟ್, ಶೀಲ್ಡ್ ವೈರ್. ಸಿಗದೇ ಇರುವುದು ಎರಡು: ಸದ್ದು ಏರಿಸಿ ಇಳಿಸುವ 2164 ಅನ್ನುವ ಐಸಿ ಮತ್ತು ಒಳ್ಳೆಯ ಫೇಡರ್. ಇವೆರಡನ್ನು ಆನ್‌ಲೈನ್ ತರಿಸಿ, ಇಲ್ಲವೇ ಬೆಂಗಳೂರಿಗೆ ಹೋದಾಗ ಎಸ್‌ಪಿ ರಸ್ತೆಯಲ್ಲಿ ಹುಡುಕಿ. ಫೇಡರ್ ಕೈಯಲ್ಲಿ ಹಿಡಿದು ನೋಡಿ ತಗೊಳ್ಳುವುದು ಯಾವತ್ತೂ ಒಳ್ಳೆಯದು. ಎರಡು ತಗೊಳ್ಳಿ, ಒಂದು ಸ್ಪೇರ್ ಇರಲಿ.

ಯಾವ ಫೇಡರ್ ತಗೊಳ್ಳಲಿ? ಅಂಗಡಿಯವರು ಈಕ್ವಲೈಜರ್‌ಗೆ ಹಾಕೋದನ್ನೇ ಕೊಡ್ತಾರೆ.

45 ಮಿಲಿಮೀಟರ್ ಓಟದ, 10ಕೆ (ಅಂದರೆ 10 ಸಾವಿರ ಓಮ್), ಲೀನಿಯರ್ ಸ್ಲೈಡ್ ಪಾಟ್ ಕೇಳಿ. ಲೀನಿಯರ್ ಆದರೆ ಮೇಲೆ ಬಿ10ಕೆ ಅಂತ ಬರೆದಿರುತ್ತೆ. ಎ ಅಂತಿದ್ದರೆ ಸಾಮಾನ್ಯವಾಗಿ ಅದು ಲಾಗ್, ವಾಲ್ಯೂಮ್‌ಗೆ ಆಗುತ್ತೆ, ಇದಕ್ಕೆ ಬೇಡ. ಈಕ್ವಲೈಜರ್ ಫೇಡರ್‌ನಲ್ಲಿ ಎರಡು ತೊಂದರೆ. ಒಳಗೆ ದಪ್ಪ ಗ್ರೀಸ್ ಇರುತ್ತೆ, ಹಾಗಾಗಿ ಬಿಗಿ. ಕೆಲವಕ್ಕೆ ನಡುವೆ ಟಕ್ ಅಂತ ನಿಲ್ಲುವ ಹಲ್ಲೂ ಇರುತ್ತೆ.

ಪರೀಕ್ಷೆ ಹೀಗೆ ಮಾಡಿ. ಫೇಡರನ್ನು ಟೇಬಲ್ ಮೇಲಿಟ್ಟು ಕಿರುಬೆರಳಿನ ತುದಿಯಿಂದ ತಳ್ಳಿ. ಮೊದಲು ಗಟ್ಟಿ, ಆಮೇಲೆ ಜಾರಿದರೆ ಗ್ರೀಸ್ ಜಾಸ್ತಿ ಅಂತ ಅರ್ಥ. ಲಿವರನ್ನು ಅಡ್ಡಕ್ಕೆ ಅಲ್ಲಾಡಿಸಿ. ಗಡಗಡ ಅಂದರೆ ಬಿಟ್ಟುಬಿಡಿ. ಲಿವರ್ ಲೋಹದ್ದಾಗಿರಲಿ. ಕೈ ಬಿರುಸಾದಾಗ ಪ್ಲಾಸ್ಟಿಕ್ ಮುರಿಯುತ್ತೆ.

ಬಿಗಿ ಫೇಡರನ್ನು ಹಗುರ ಮಾಡಬಹುದು. ಎಲೆಕ್ಟ್ರಾನಿಕ್ಸ್‌ಗೆಂದೇ ಬರುವ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಹಳೆಯ ಗ್ರೀಸ್ ತೊಳೆದು, ಪೂರ್ತಿ ಒಣಗಿಸಿ, ಲೋಹದ ಕಂಬಿಗೆ ಮಾತ್ರ ಒಂದು ಹನಿ ಫೇಡರ್ ಲ್ಯೂಬ್ ಹಚ್ಚಿ. ಕಪ್ಪು ಟ್ರ್ಯಾಕ್‌ಗೆ ತಾಗಿಸಬೇಡಿ. ಹೊಲಿಗೆ ಮಷಿನ್ ಎಣ್ಣೆ, ತೆಂಗಿನೆಣ್ಣೆ ಎಲ್ಲ ಬೇಡವೇ ಬೇಡ.

ಟ್ರಾನ್ಸ್‌ಫಾರ್ಮರ್ 12-0-12 ಸಾಕಾ? ಎಲ್ಲರೂ ಅದನ್ನೇ ಹೇಳ್ತಾರೆ.

ಪೇಟೆಯಲ್ಲಾದರೆ ಸಾಕು. ಹಳ್ಳಿ ಕಡೆ ಇದ್ದರೆ 15-0-15 ಹಾಕಿ. ಕಾರಣ ಲೋ ವೋಲ್ಟೇಜ್. 230 ವೋಲ್ಟ್ ಇದ್ದಾಗ 12ರ ಟ್ರಾನ್ಸ್‌ಫಾರ್ಮರ್ ಡಯೋಡ್ ದಾಟಿ ಸುಮಾರು 16 ವೋಲ್ಟ್ ಡಿಸಿ ಕೊಡುತ್ತೆ. ಲೈನ್ 180ಕ್ಕೆ ಇಳಿದರೆ ಅದು 12.6ಕ್ಕೆ ಬರುತ್ತೆ. 7812 ಸರಿಯಾಗಿ ಕೆಲಸ ಮಾಡಲು ಸುಮಾರು 14 ಬೇಕು. ಸಂಜೆ ಎಲ್ಲರ ಮನೆಯ ಪಂಪ್ ಶುರುವಾದಾಗ ಮಿಕ್ಸರ್ ಗುಂಯ್ ಅನ್ನುವುದು ಇದೇ ಕಾರಣಕ್ಕೆ. 15-0-15 ಇದ್ದರೆ 180ರಲ್ಲೂ ಸಾಕಷ್ಟು ಉಳಿಯುತ್ತೆ. ಕೆಪಾಸಿಟರ್ 1000 ಮೈಕ್ರೊಫ್ಯಾರಡ್, 35 ವೋಲ್ಟಿನದ್ದಿರಲಿ.

7812 ಮತ್ತು ಅದರ ಮೈನಸ್ 12 ವೋಲ್ಟಿನ ಜೋಡಿ 7912, ಇವೆರಡರ ಕಾಲುಗಳ ಜಾಗ ಒಂದೇ ಅಲ್ಲ, ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಅಕ್ಷರ ನಮ್ಮ ಕಡೆಗಿದ್ದಾಗ 7812ರಲ್ಲಿ ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ರಲ್ಲಿ ಗ್ರೌಂಡ್, ಇನ್‌ಪುಟ್, ಔಟ್‌ಪುಟ್.

ಬರೀ ಬ್ಯಾಟರಿಯಲ್ಲಿ ಓಡ್ಸೋಕಾಗುತ್ತಾ? ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟೇ ಇರಲ್ಲ.

ಆಗುತ್ತೆ. ಎರಡು 9 ವೋಲ್ಟ್ ಬ್ಯಾಟರಿ ಸೇರಿಸಿ, ಅವೆರಡೂ ಕೂಡುವ ಜಾಗವನ್ನು ಗ್ರೌಂಡ್ ಮಾಡಿಕೊಳ್ಳಿ. ಈ ಸರ್ಕ್ಯೂಟ್ ಎಳೆಯುವುದು 20 ಮಿಲಿಆಂಪ್ ಆಸುಪಾಸು. ಒಳ್ಳೆಯ ಆಲ್ಕಲೈನ್ ಬ್ಯಾಟರಿ ಹಲವು ಸಂಜೆ ಬಾಳುತ್ತೆ. ಇನ್ನೊಂದು ಲಾಭ, ಬ್ಯಾಟರಿಯಿಂದ ಹಮ್ (ಗುಂಯ್ ಅನ್ನುವ ಸದ್ದು) ಬರುವುದಿಲ್ಲ. ಮೊದಲ ಸಲ ಕಟ್ಟುವವರಿಗೆ ನಾನು ಹೇಳುವುದು ಇದನ್ನೇ: ಬ್ಯಾಟರಿಯಲ್ಲಿ ಶುರು ಮಾಡಿ, ಎಲ್ಲ ಸರಿಯಾದ ಮೇಲೆ ಟ್ರಾನ್ಸ್‌ಫಾರ್ಮರ್ ನೋಡಿ.

ಡಬ್ಬಿ ಯಾವುದರಲ್ಲಿ ಮಾಡಿಸ್ಲಿ?

ಮೇಲಿನ ತಟ್ಟೆ 1.5 ಅಥವಾ 2 ಮಿಲಿಮೀಟರ್ ಅಲ್ಯೂಮಿನಿಯಂ ಇರಲಿ. ಸುತ್ತ ಮರ ಹಾಕಿಸಿ. ಮಲೆನಾಡಲ್ಲಿ ಅದಕ್ಕೇನು ಬರ, ಹಲಸಿನ ಹಲಗೆ ಚೆನ್ನಾಗಿರುತ್ತೆ. ಚೆನ್ನಾಗಿ ಒಣಗಿದ್ದನ್ನೇ ಬಳಸಿ, ಹಸಿ ಮರ ಸೊಟ್ಟಗಾಗಿ ಫೇಡರ್ ಬಿಗಿಯುತ್ತೆ. ಮರಕ್ಕೆ ಶೀಲ್ಡಿಂಗ್ ಗುಣ ಇಲ್ಲದ್ದರಿಂದ ಒಳಗೆಲ್ಲ ತಾಮ್ರದ ಟೇಪ್ ಅಥವಾ ಅಲ್ಯೂಮಿನಿಯಂ ಹಾಳೆ ಅಂಟಿಸಿ ಗ್ರೌಂಡಿಗೆ ಸೇರಿಸಿ.

ಅಳತೆಗಿಂತ ಮುಖ್ಯ ಜಾಗ. ಕ್ರಾಸ್‌ಫೇಡರ್ ನಿಮ್ಮ ಕಡೆಯ ಅಂಚಿಗೆ ಹತ್ತಿರ ಇರಬೇಕು. ಅದರ ಎರಡೂ ಪಕ್ಕ, ಮೇಲ್ಗಡೆ, ಕನಿಷ್ಠ ನಾಲ್ಕು ಬೆರಳು ಅಗಲ ಖಾಲಿ ಬಿಡಿ. ಒಂದು ಸ್ಕ್ರೂ ತಲೆಯೂ ಅಲ್ಲಿ ಎದ್ದಿರಬಾರದು. ಕ್ರ್ಯಾಬ್ ಸ್ಕ್ರ್ಯಾಚಿನಲ್ಲಿ ನಾಲ್ಕು ಬೆರಳೂ ಹೆಬ್ಬೆರಳಿನ ಎದುರು ಓಡುತ್ತವೆ, ಗುಂಡಿಗೆ ತಾಗಿದರೆ ಉಗುರು ಹೋಗುತ್ತೆ.

## ಸರ್ಕ್ಯೂಟ್ ಒಳಗೆ

ಫೇಡರ್ ಒಳಗೇ ಆಡಿಯೋ ಹಾಯಿಸಿದ್ರೆ ಸುಲಭ ಅಲ್ವಾ? ವಿಸಿಎ ಯಾಕೆ?

ಸುಲಭ ಹೌದು. ಆದರೆ ಫೇಡರ್‌ನ ಕಪ್ಪು ಟ್ರ್ಯಾಕ್ ಕಾರ್ಬನ್ನಿನದು. ದಿನಾ ಸಾವಿರಾರು ಸಲ ಓಡಿಸಿದರೆ ಸವೆಯುತ್ತೆ, ಪುಡಿ ಕೂರುತ್ತೆ. ಆಗ ಕರಕರ ಸದ್ದು ನೇರವಾಗಿ ಸ್ಪೀಕರಿನಲ್ಲಿ ಕೇಳುತ್ತೆ. ವಿಸಿಎ ಅಂದರೆ ವೋಲ್ಟೇಜಿನ ಮಾತು ಕೇಳಿ ಸದ್ದು ಏರಿಸಿ ಇಳಿಸುವ ಐಸಿ. ಅದನ್ನು ಬಳಸಿದರೆ ಫೇಡರ್‌ನಲ್ಲಿ ಹರಿಯುವುದು ಬರೀ ಡಿಸಿ. ಕರಕರ ಇದ್ದರೂ ಒಂದು ಕೆಪಾಸಿಟರ್ ಅದನ್ನು ನುಂಗುತ್ತೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಎಷ್ಟು ದೂರಕ್ಕೆ ಸದ್ದು ತೆರೆಯಬೇಕು ಅನ್ನುವುದನ್ನು ಫೇಡರ್ ನಿರ್ಧರಿಸುವುದಿಲ್ಲ, ನೀವು ನಿರ್ಧರಿಸುತ್ತೀರಿ.

ಎಲ್‌ಇಡಿ, ಎಲ್‌ಡಿಆರ್ ಜೋಡಿ ಬಳಸಬಹುದಾ ಅಂತಲೂ ಕೇಳುತ್ತಾರೆ. ಎಲ್‌ಡಿಆರ್ ಕತ್ತಲಿಗೆ ನಿಧಾನವಾಗಿ ಹೊಂದಿಕೊಳ್ಳುತ್ತೆ. ಕಟ್ ಮಾಡಿದ ಮೇಲೂ ಸದ್ದಿನ ಬಾಲ ಎಳೆಯುತ್ತೆ. ಸ್ಕ್ರ್ಯಾಚಿಗೆ ಆಗಿಬರುವುದಿಲ್ಲ.

ಯಾವ ಯಾವ ಐಸಿ ಬೇಕು? ಪೂರ್ತಿ ಲಿಸ್ಟ್ ಕೊಡಿ ಸರ್.

ಮೂರೇ. ಒಂದು 2164, ಒಂದು ಎನ್‌ಇ5532 (ಒಳಗೆ ಎರಡು ಆಪ್-ಆಂಪ್, ಅಂದರೆ ಪುಟ್ಟ ಆಂಪ್ಲಿಫೈಯರ್ ಇವೆ), ಒಂದು ಟಿಎಲ್074 (ಅಂಥವು ನಾಲ್ಕು).

2164ರಲ್ಲಿ ನಾಲ್ಕು ವಿಸಿಎ ಇವೆ. ಎರಡು ಚಾನೆಲ್, ಎಡ ಬಲ ಸೇರಿ ನಾಲ್ಕು, ಲೆಕ್ಕ ಸರಿಹೋಯಿತು. ಪ್ರತಿ ಇನ್‌ಪುಟ್‌ಗೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್, ಆಮೇಲೆ 30ಕೆ ರೆಸಿಸ್ಟರ್. ಇನ್‌ಪುಟ್ ಪಿನ್ನಿನಿಂದ ಗ್ರೌಂಡಿಗೆ 500 ಓಮ್ ಆಸುಪಾಸಿನ ರೆಸಿಸ್ಟರ್ ಮತ್ತು 560 ಪಿಕೊಫ್ಯಾರಡ್ ಒಂದರ ಹಿಂದೊಂದು. ಇದನ್ನು ಬಿಟ್ಟರೆ ಐಸಿ ತಾನೇ ಕೂಗಲು ಶುರು ಮಾಡಬಹುದು.

ಇದರ ಔಟ್‌ಪುಟ್ ವೋಲ್ಟೇಜ್ ಅಲ್ಲ, ಕರೆಂಟ್. ಅದರಿಂದ ಒಂದು ಸೊಗಸಾದ ಅನುಕೂಲ ಇದೆ. ಎರಡೂ ಚಾನೆಲ್‌ನ ಎಡದ ಔಟ್‌ಪುಟ್ ಪಿನ್ನುಗಳನ್ನು ಸುಮ್ನೆ ಸೇರಿಸಿ, 5532ರ ಅರ್ಧಕ್ಕೆ, ಅದರ ಮೈನಸ್ ಇನ್‌ಪುಟ್‌ಗೆ ಕೊಡಿ. ಫೀಡ್‌ಬ್ಯಾಕ್‌ಗೆ 30ಕೆ, ಅದರ ಮೇಲೆ 100 ಪಿಕೊಫ್ಯಾರಡ್. ಮಿಕ್ಸಿಂಗ್ ಅಲ್ಲೇ ಮುಗಿಯಿತು. ಬಲಕ್ಕೂ ಹಾಗೇ, 5532ರ ಇನ್ನರ್ಧ. ಟಿಎಲ್074ರ ನಾಲ್ಕು ಭಾಗ ಕ್ರಾಸ್‌ಫೇಡರ್ ಕೆಲಸಕ್ಕೆ, ಚಾನೆಲ್‌ಗೆ ಎರಡೆರಡು. ಚಾನೆಲ್ ವಾಲ್ಯೂಮ್‌ಗೆ 10ಕೆ ಲಾಗ್ ಸ್ಟೀರಿಯೊ ಸ್ಲೈಡರ್ ಇನ್‌ಪುಟ್‌ನಲ್ಲೇ ಹಾಕಿ. ಅದನ್ನು ಅಷ್ಟು ಬಿರುಸಾಗಿ ಓಡಿಸುವುದಿಲ್ಲ, ಹಾಗಾಗಿ ಅಲ್ಲಿ ಆಡಿಯೋ ಹಾಯ್ದರೂ ನಡೆಯುತ್ತೆ. ಪ್ರತಿ ಐಸಿಯ ಪವರ್ ಪಿನ್ನಿನ ಪಕ್ಕದಲ್ಲೇ 0.1 ಮೈಕ್ರೊಫ್ಯಾರಡ್ ಮರೆಯಬೇಡಿ.

ಕಟ್-ಇನ್ ಒಂದು ಮಿಲಿಮೀಟರ್‌ಗೆ ತರೋದು ಹೇಗೆ? ನಂದು ಹತ್ತು ಮಿಲಿಮೀಟರ್ ಹೋದ್ಮೇಲೆ ಕೇಳುತ್ತೆ.

ಕಟ್-ಇನ್ ಅಂದರೆ ಫೇಡರ್ ತುದಿಯಿಂದ ಎಷ್ಟು ಸರಿದಾಗ ಸದ್ದು ತೆರೆಯುತ್ತೆ ಅನ್ನುವುದು. ಇಡೀ ಮಿಕ್ಸರ್‌ನ ಜೀವ ಇಲ್ಲೇ ಇರುವುದು, ಸ್ವಲ್ಪ ನಿಧಾನವಾಗಿ ಹೋಗೋಣ.

2164ಕ್ಕೆ 0 ವೋಲ್ಟ್ ಕೊಟ್ಟರೆ ಸದ್ದು ಪೂರ್ತಿ ತೆರೆದಿರುತ್ತೆ. ಪ್ರತಿ 33 ಮಿಲಿವೋಲ್ಟ್ ಏರಿಸಿದರೆ 1 ಡೆಸಿಬೆಲ್ ಇಳಿಯುತ್ತೆ. 3.3 ವೋಲ್ಟ್ ಕೊಟ್ಟರೆ 100 ಡೆಸಿಬೆಲ್ ಕೆಳಗೆ, ಅಂದರೆ ಪೂರ್ತಿ ಮುಚ್ಚಿತು. ಈಗ 10ಕೆ ಫೇಡರ್‌ನ ಒಂದು ತುದಿ ಗ್ರೌಂಡಿಗೆ, ಇನ್ನೊಂದು ತುದಿಗೆ 680 ಓಮ್ ಮೂಲಕ 12 ವೋಲ್ಟ್ ಕೊಡಿ. ಮುಂದೆ ಹೇಳುವ ಎರಡು ಪ್ರಿಸೆಟ್ ಸೇರಿದ ಮೇಲೆ ಫೇಡರ್ ಮೇಲೆ ಸುಮಾರು 10 ವೋಲ್ಟ್ ಹರಡುತ್ತೆ. 45 ಮಿಲಿಮೀಟರ್‌ಗೆ 10 ವೋಲ್ಟ್ ಅಂದರೆ ಒಂದು ಮಿಲಿಮೀಟರ್‌ಗೆ 0.22 ವೋಲ್ಟ್. ಇಷ್ಟೇ ಚಲನೆ 3.3 ವೋಲ್ಟ್ ಬದಲಾವಣೆ ತರಬೇಕು. ಭಾಗಿಸಿ ನೋಡಿ, 15 ಪಟ್ಟು. ಟಿಎಲ್074ರ ಒಂದು ಭಾಗವನ್ನು 15 ಪಟ್ಟಿನ ಡಿಫರೆನ್ಸ್ ಆಂಪ್ಲಿಫೈಯರ್ (ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನು ಹಿಗ್ಗಿಸುವಂಥದ್ದು) ಮಾಡಿ. ಒಂದು ಇನ್‌ಪುಟ್‌ಗೆ ಫೇಡರ್‌ನ ನಡು ಕಾಲು, ಇನ್ನೊಂದಕ್ಕೆ 10ಕೆ ಮಲ್ಟಿಟರ್ನ್ ಪ್ರಿಸೆಟ್ (ಸ್ಕ್ರೂಡ್ರೈವರ್‌ನಿಂದ ಹಲವು ಸುತ್ತು ತಿರುಗಿಸಿ ಹೊಂದಿಸುವ ಪುಟ್ಟ ಪಾಟ್). ಆ ಪ್ರಿಸೆಟ್ ತಿರುಗಿಸಿದರೆ ಕಟ್-ಇನ್ ಜಾಗ ಎಡಕ್ಕೂ ಬಲಕ್ಕೂ ಸರಿಯುತ್ತೆ. ಇನ್ನೊಂದು ಚಾನೆಲ್‌ಗೆ ಇದೇ ಸರ್ಕ್ಯೂಟ್, ಇನ್‌ಪುಟ್ ಎರಡನ್ನೂ ಅದಲುಬದಲು ಮಾಡಿ. ಪ್ರಿಸೆಟ್‌ಗೆ ವೋಲ್ಟೇಜನ್ನು ಫೇಡರ್‌ನ ಮೇಲ್ತುದಿಯಿಂದಲೇ ತಗೊಳ್ಳಿ. ಬ್ಯಾಟರಿ ಇಳಿದರೂ ಎರಡೂ ಒಟ್ಟಿಗೆ ಇಳಿಯುವುದರಿಂದ ಕಟ್-ಇನ್ ಜಾಗ ಅಲ್ಲೇ ಇರುತ್ತೆ.

ಹೊಂದಿಸುವಾಗ ಹೀಗೆ ಮಾಡಿ. ಫೇಡರನ್ನು ತುದಿಗೆ ತಾಗಿಸಿ. ತುದಿಗೂ ಲಿವರ್‌ಗೂ ನಡುವೆ ಒಂದು ಎಟಿಎಂ ಕಾರ್ಡ್ ತೂರಿಸಿ. ಕಾರ್ಡಿನ ದಪ್ಪ 0.76 ಮಿಲಿಮೀಟರ್. ಕಾರ್ಡ್ ಇದ್ದಾಗ ಸದ್ದು ಇನ್ನೂ ಮುಚ್ಚಿರಬೇಕು, ಎರಡು ಕಾರ್ಡ್ ಇಟ್ಟರೆ ಪೂರ್ತಿ ತೆರೆದಿರಬೇಕು. ಬಹಳಷ್ಟು ಫೇಡರ್‌ಗಳ ತುದಿಯಲ್ಲಿ ವೋಲ್ಟೇಜ್ ಬದಲಾಗದ ಸಣ್ಣ ಸತ್ತ ಜಾಗ ಇರುತ್ತೆ. ನಿಮ್ಮದರಲ್ಲಿ ಅದು ದೊಡ್ಡದಾಗಿದ್ದರೆ ತಟ್ಟೆಯ ಸೀಳನ್ನೇ ಆ ಕಡೆ ಚಿಕ್ಕದು ಮಾಡಿ, ಲಿವರ್ ಅಷ್ಟು ದೂರ ಹೋಗದ ಹಾಗೆ ತಡೆಯಿರಿ.

ಫೇಡರ್ ತೆರೆದಾಗ ಸದ್ದು ಒಮ್ಮೆಲೇ ಕಿವಿ ಕಿತ್ತುಹೋಗೋ ಹಾಗೆ ಬರುತ್ತೆ. ಡಯೋಡ್ ಹಾಕಿದ್ದೀನಿ, ಆದ್ರೂ.

ಡಯೋಡ್ ಇದ್ದರೂ ಬರುತ್ತೆ, ಕಾರಣ ಇದೆ. ಕಂಟ್ರೋಲ್ ವೋಲ್ಟೇಜ್ ಸೊನ್ನೆಗಿಂತ ಕೆಳಗೆ, ಮೈನಸ್‌ಗೆ ಹೋದರೆ 2164 ಸದ್ದನ್ನು ಹೆಚ್ಚಿಸುತ್ತೆ. ಸಾದಾ ಸಿಲಿಕಾನ್ ಡಯೋಡ್ ಹಿಡಿಯುವುದು ಮೈನಸ್ 0.6 ವೋಲ್ಟಿನಲ್ಲಿ. 33 ಮಿಲಿವೋಲ್ಟ್‌ಗೆ 1 ಡೆಸಿಬೆಲ್ ಲೆಕ್ಕದಲ್ಲಿ ಅದು 18 ಡೆಸಿಬೆಲ್ ಜಾಸ್ತಿ! ಪರಿಹಾರ, ಟಿಎಲ್074ರ ಎರಡನೆಯ ಭಾಗ. ಅದರ ಔಟ್‌ಪುಟ್‌ನಲ್ಲಿ 1ಎನ್4148 ಹಾಕಿ, ಡಯೋಡ್‌ನ ಆಚೆ ಕಡೆಯಿಂದ ಮೈನಸ್ ಇನ್‌ಪುಟ್‌ಗೆ ಫೀಡ್‌ಬ್ಯಾಕ್ ಕೊಡಿ. ಡಯೋಡ್‌ನ ಆಚೆಯಿಂದ ಗ್ರೌಂಡಿಗೆ 2.2ಕೆ. ಹೀಗೆ ಮಾಡಿದರೆ ಪಾಸಿಟಿವ್ ಮಾತ್ರ ದಾಟುತ್ತೆ, ಮೈನಸ್ ಬಂದರೆ ಸರಿಯಾಗಿ ಸೊನ್ನೆಯಲ್ಲಿ ನಿಲ್ಲುತ್ತೆ. ಆ ಬಿಂದುವನ್ನು ಚಾನೆಲ್‌ನ ಎಡ ಬಲ ಎರಡೂ ಕಂಟ್ರೋಲ್ ಪಿನ್ನಿಗೆ ಕೊಡಿ.

ಪ್ರತಿ ಕಟ್‌ಗೂ ಟಪ್ ಟಪ್ ಅನ್ನುತ್ತೆ.

ಅಲೆ ಮೇಲಿರುವಾಗ ಒಮ್ಮೆಲೇ ಕತ್ತರಿಸಿದರೆ ಟಪ್ ಬಂದೇ ಬರುತ್ತೆ. ಆಂಪ್ಲಿಫೈಯರ್ ಭಾಗಕ್ಕೂ ಡಯೋಡ್ ಭಾಗಕ್ಕೂ ನಡುವೆ 10ಕೆ ರೆಸಿಸ್ಟರ್, ಅದರ ಆಚೆಯಿಂದ ಗ್ರೌಂಡಿಗೆ 0.1 ಮೈಕ್ರೊಫ್ಯಾರಡ್ ಹಾಕಿ. ಅದು 1 ಮಿಲಿಸೆಕೆಂಡ್ ಮೃದುತನ. ಟಪ್ ಹೋಗುತ್ತೆ, ಕಟ್ ಚೂಪಾಗೇ ಇರುತ್ತೆ. ಕೆಪಾಸಿಟರ್ ದೊಡ್ಡದು ಮಾಡುತ್ತ ಹೋದರೆ ಕಟ್ ಮೆತ್ತಗಾಗುತ್ತೆ. ಇದನ್ನೆಲ್ಲ ಮಾಡಿಯೂ ಟಪ್ ಬಂದರೆ 2164ರ ಇನ್‌ಪುಟ್ ಕೆಪಾಸಿಟರ್ ನೋಡಿ, ಡಿಸಿ ಸೋರುತ್ತಿರಬಹುದು.

ಟರ್ನ್‌ಟೇಬಲ್ ನೇರವಾಗಿ ಸಿಗಿಸಿದೆ. ಸದ್ದು ಸಣ್ಣಗೆ, ಕೀರಲಾಗಿ ಬರ್ತಿದೆ. ಏನು ತಪ್ಪು?

ತಪ್ಪೇನಿಲ್ಲ, ಫೋನೊ ಪ್ರೀಆಂಪ್ ಬೇಕು ಅಷ್ಟೇ. ಮುಳ್ಳು ಹಿಡಿದಿರುವ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು 5 ಮಿಲಿವೋಲ್ಟ್ ಆಸುಪಾಸು. ಅದನ್ನು ಸುಮಾರು 100 ಪಟ್ಟು ಮಾಡಬೇಕು. ಅದರ ಜೊತೆ ರೆಕಾರ್ಡ್ ಕೆತ್ತುವಾಗಲೇ ಬೇಸ್ ಕಡಿಮೆ ಮಾಡಿ ಟ್ರೆಬಲ್ ಜಾಸ್ತಿ ಮಾಡಿರುತ್ತಾರೆ. ಆರ್‌ಐಎಎ ಅನ್ನುವ ಲೆಕ್ಕದ ಪ್ರಕಾರ ನುಡಿಸುವಾಗ ತಿರುಗಿ ಸರಿಮಾಡಬೇಕು. 20 ಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬೆಲ್ ಏರಿಸುವುದು, 20 ಕಿಲೊಹರ್ಟ್ಸ್‌ನಲ್ಲಿ ಅಷ್ಟೇ ಇಳಿಸುವುದು. ಇನ್‌ಪುಟ್‌ಗೆ 47ಕೆ ಇರಬೇಕು.

ಮೊದಲು ನಿಮ್ಮ ಟರ್ನ್‌ಟೇಬಲ್ ಹಿಂದೆ ಫೋನೊ/ಲೈನ್ ಸ್ವಿಚ್ ಇದೆಯಾ ನೋಡಿ. ಇದ್ದರೆ ಪ್ರೀಆಂಪ್ ಒಳಗೇ ಇದೆ, ಲೈನ್‌ಗೆ ಹಾಕಿದರೆ ಮುಗಿಯಿತು. ಇಲ್ಲದಿದ್ದರೆ 5532ರಲ್ಲಿ ಬೇರೆ ಡಬ್ಬಿಯಾಗಿ ಕಟ್ಟಿ. ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇರಲಿ.

ಹೆಡ್‌ಫೋನ್ ಕ್ಯೂ ಬೇಡ್ವಾ?

ಕ್ಯೂ ಅಂದರೆ ಜನಕ್ಕೆ ಕೇಳಿಸುವ ಮೊದಲು ಹೆಡ್‌ಫೋನಿನಲ್ಲಿ ಸದ್ದಿನ ಜಾಗ ಹುಡುಕಿಕೊಳ್ಳುವುದು. ಕಲಿಯುವಾಗ ಬೇಡ. ರೆಕಾರ್ಡಿನ ಮೇಲೆ ಸ್ಟಿಕ್ಕರ್ ಅಂಟಿಸಿ ಸದ್ದಿನ ಜಾಗ ಗುರುತು ಮಾಡಿಕೊಂಡರೆ ಕಣ್ಣಿಗೇ ಕಾಣುತ್ತೆ. ಬೇಕೇ ಬೇಕು ಅಂದರೆ ಎನ್‌ಜೆಎಂ4556 ಅನ್ನುವ ಐಸಿ ಹಾಕಿ. 5532 ಚಿಕ್ಕ ಹೆಡ್‌ಫೋನ್ ಎಳೆಯಲು ಒದ್ದಾಡುತ್ತೆ.

## ತೊಂದರೆ ಬಂದಾಗ

ಗುಂಯ್ ಅನ್ನೋದು ನಿಲ್ತಾನೇ ಇಲ್ಲ. ಅರ್ಥಿಂಗ್ ಮಾಡಿಸಿದ್ದೂ ಆಯ್ತು.

ಮೊದಲು ಕಿವಿಯಿಂದ ಹುಡುಕಿ. ಕೆಳಸ್ವರದ ಮೆತ್ತಗಿನ ಹೂಂಕಾರ ಆದರೆ 50 ಹರ್ಟ್ಸ್, ಗ್ರೌಂಡ್ ವೈರ್ ಅಥವಾ ಟ್ರಾನ್ಸ್‌ಫಾರ್ಮರ್ ಕಾರಣ. ಒರಟಾದ ಝರ್ ಸದ್ದಾದರೆ 100 ಹರ್ಟ್ಸ್, ಪವರ್ ಸಪ್ಲೈ ಕೆಪಾಸಿಟರ್ ಸಾಲುತ್ತಿಲ್ಲ ಅಥವಾ ವೋಲ್ಟೇಜ್ ಇಳಿದಿದೆ.

50 ಹರ್ಟ್ಸ್ ಆದರೆ ಟರ್ನ್‌ಟೇಬಲ್‌ನಿಂದ ಬರುವ ತೆಳು ಗ್ರೌಂಡ್ ವೈರ್ ಮಿಕ್ಸರ್ ಅಥವಾ ಪ್ರೀಆಂಪ್‌ನ ಸ್ಕ್ರೂಗೆ ಕೂಡಿದೆಯಾ ನೋಡಿ. ಹತ್ತರಲ್ಲಿ ಹೆಚ್ಚಿನ ಸಲ ತೊಂದರೆ ಅಲ್ಲೇ. ಆಮೇಲೆ ಒಳಗಿನ ಗ್ರೌಂಡುಗಳು ಒಂದೇ ಬಿಂದುವಿನಲ್ಲಿ ಸೇರಲಿ, ಸರಪಳಿಯಾಗಿ ಒಂದರಿಂದ ಒಂದಕ್ಕೆ ಹೋಗುವುದು ಬೇಡ. ಟ್ರಾನ್ಸ್‌ಫಾರ್ಮರ್ ಬೇರೆ ಡಬ್ಬಿಯಲ್ಲಿಟ್ಟು ಉದ್ದ ವೈರ್‌ನಲ್ಲಿ ಡಿಸಿ ತರುವುದು ಎಲ್ಲಕ್ಕಿಂತ ಒಳ್ಳೆಯದು. ಹಮ್ ಹೋಗಲಿ ಅಂತ ಆಂಪ್ಲಿಫೈಯರ್‌ನ ಅರ್ಥ್ ಪಿನ್ ಕೀಳುವವರಿದ್ದಾರೆ. ಅದು ಜೀವಕ್ಕೆ ಅಪಾಯ, ಯಾವ ಕಾರಣಕ್ಕೂ ಮಾಡಬೇಡಿ.

ಇನ್ವರ್ಟರ್ ಬಂದ ತಕ್ಷಣ ಝರ್ ಅಂತ ಶುರುವಾಗುತ್ತೆ.

ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಅದರ ಕರೆಂಟು ಚೂಪು ಅಂಚಿನದು, ಟ್ರಾನ್ಸ್‌ಫಾರ್ಮರ್ ದಾಟಿ ಒಳಗೆ ಬರುತ್ತೆ. ಕರೆಂಟು ಬರುವವರೆಗೆ ಮಿಕ್ಸರನ್ನು ಬ್ಯಾಟರಿಗೆ ಹಾಕಿ. ಒಂದು ಸ್ವಿಚ್ ಇಟ್ಟುಕೊಂಡರೆ ಸಾಕು.

ಆಗುಂಬೆ ಹತ್ತಿರ ನಮ್ಮ ಮನೆ. ಒಂದು ಮಳೆಗಾಲ ಕಳೆಯೋದ್ರಲ್ಲಿ ಎಲ್ಲ ಹಸಿರು ಹಿಡಿದಿದೆ. ಏನು ಮಾಡ್ಲಿ?

ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಾಗದಲ್ಲಿ ಇದು ಸಹಜ. ಆದರೆ ತಡೆಯಬಹುದು. ಸೋಲ್ಡರ್ ಮಾಡಿದ ಮೇಲೆ ಬೋರ್ಡಿನಲ್ಲಿ ಉಳಿಯುವ ಜಿಗುಟು ಫ್ಲಕ್ಸ್ ತೇವ ಹೀರುತ್ತೆ, ಅದರ ಅಡಿಯಲ್ಲೇ ತಾಮ್ರ ಹಸಿರಾಗುವುದು. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಬೋರ್ಡಿನ ಅಡಿ ಹೊಳೆಯುವ ಹಾಗೆ ತೊಳೆಯಿರಿ. ಒಂದು ದಿನ ಒಣಗಿಸಿ ಮೇಲೆ ಪಿಸಿಬಿ ವಾರ್ನಿಶ್ ಹೊಡೆಯಿರಿ. ಫೇಡರ್, ಪ್ರಿಸೆಟ್, ಸಾಕೆಟ್‌ಗಳಿಗೆ ವಾರ್ನಿಶ್ ತಾಗದ ಹಾಗೆ ಟೇಪ್ ಸುತ್ತಿಕೊಳ್ಳಿ.

ನುಡಿಸದ ದಿನ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ರೆಕಾರ್ಡ್‌ಗಳ ಕಾಗದದ ಕವರಿಗೂ ಬೂಷ್ಟು ಹಿಡಿಯುತ್ತೆ, ಅವಕ್ಕೆ ಪ್ಲಾಸ್ಟಿಕ್ ಒಳಕವರ್ ಹಾಕಿ, ಗೋಡೆಗೆ ತಾಗಿಸದೆ ನೆಟ್ಟಗೆ ನಿಲ್ಲಿಸಿ. ಏಪ್ರಿಲ್, ಮೇ ಸಂಜೆ ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಫೇಡರ್ ಪೂರ್ತಿ ಮುಚ್ಚಿದ್ರೂ ಆ ಕಡೆ ಹಾಡು ಸಣ್ಣಗೆ ಕೇಳುತ್ತೆ.

ಕಂಟ್ರೋಲ್ ಪಿನ್ನಿನಲ್ಲಿ ಮೀಟರ್ ಹಿಡಿಯಿರಿ. 3.3 ವೋಲ್ಟಿಗಿಂತ ಕಡಿಮೆ ಇದ್ದರೆ ಪ್ರಿಸೆಟ್ ಹೊಂದಿಸಿ. ಸರಿಯಾಗಿದ್ದೂ ಕೇಳಿದರೆ ಸದ್ದು ಐಸಿಯನ್ನು ದಾಟುತ್ತಿಲ್ಲ, ಪಕ್ಕದಿಂದ ಹಾರುತ್ತಿದೆ. ಇನ್‌ಪುಟ್ ವೈರ್ ಔಟ್‌ಪುಟ್ ವೈರ್ ಪಕ್ಕದಲ್ಲೇ ಓಡಿದ್ದರೆ ಬೇರೆ ಮಾಡಿ, ಶೀಲ್ಡ್ ವೈರ್ ಬಳಸಿ.

## ಇನ್ನೂ ಮುಂದೆ ಹೋಗುವವರಿಗೆ

ಹ್ಯಾಮ್‌ಸ್ಟರ್ ಸ್ವಿಚ್, ಕರ್ವ್ ಸ್ವಿಚ್ ಹಾಕೋದು ಕಷ್ಟಾನಾ?

ಎರಡೂ ಸುಲಭ. ಹ್ಯಾಮ್‌ಸ್ಟರ್ ಅಂದರೆ ಕ್ರಾಸ್‌ಫೇಡರ್‌ನ ಎಡ ಬಲ ತಿರುಗಿಸುವುದು. ಫೇಡರ್‌ನ ಎರಡು ತುದಿಯ ವೈರ್‌ಗಳನ್ನು ಒಂದು ಡಿಪಿಡಿಟಿ (ಎರಡು ವೈರನ್ನು ಒಟ್ಟಿಗೆ ಬದಲಿಸುವ) ಸ್ವಿಚ್ ಮೂಲಕ ಅದಲುಬದಲು ಮಾಡಿ. ಪ್ರಿಸೆಟ್‌ನ ವೈರನ್ನು ಮಾತ್ರ ಸ್ವಿಚ್‌ಗಿಂತ ಮುಂಚೆಯೇ, 680 ಓಮ್ ಕಡೆಯಿಂದ ತಗೊಳ್ಳಿ. ಆಡಿಯೋಗೆ ಕೈಹಾಕುವುದೇ ಬೇಡ. ಕರ್ವ್ ಅಂದರೆ ಸದ್ದು ಎಷ್ಟು ಬೇಗ ತೆರೆಯುತ್ತೆ ಅನ್ನುವುದು. ಅದಕ್ಕೆ ಆ 15 ಪಟ್ಟನ್ನು ಸ್ವಿಚ್‌ನಿಂದ ಕಡಿಮೆ ಮಾಡಿದರೆ ಸದ್ದು ನಿಧಾನವಾಗಿ ತೆರೆಯುತ್ತೆ.

ಮ್ಯಾಗ್ನೆಟಿಕ್ ಫೇಡರ್ ಮನೆಯಲ್ಲಿ ಮಾಡ್ಬಹುದಾ?

ಮಾಡಬಹುದು, ನಮ್ಮ ಕಡೆಯ ತೇವಕ್ಕೆ ಅದೇ ಸರಿಯಾದ ದಾರಿ ಅಂತ ನನಗನ್ನಿಸುತ್ತೆ. ಟ್ರ್ಯಾಕೇ ಇಲ್ಲ ಅಂದ ಮೇಲೆ ಸವೆಯುವುದೂ ಇಲ್ಲ, ಬೂಷ್ಟು ಹಿಡಿಯುವುದೂ ಇಲ್ಲ. ಎಸ್‌ಎಸ್49ಇ ಅನ್ನುವ ಹಾಲ್ ಸೆನ್ಸರ್ ಸಿಗುತ್ತೆ. 5 ವೋಲ್ಟ್ ಕೊಟ್ಟರೆ ಹತ್ತಿರ ಮ್ಯಾಗ್ನೆಟ್ ಇಲ್ಲದಾಗ ಸುಮಾರು 2.5 ವೋಲ್ಟ್ ಕೊಡುತ್ತೆ, ಮ್ಯಾಗ್ನೆಟ್ ಬಂದಂತೆ ಏರುತ್ತೆ ಅಥವಾ ಇಳಿಯುತ್ತೆ. ಒಂದೇ ಸೆನ್ಸರ್‌ನಿಂದ ಇಡೀ 45 ಮಿಲಿಮೀಟರ್ ಅಳೆಯಲು ಹೋಗಬೇಡಿ, ದೂರಕ್ಕೆ ಅದರ ಲೆಕ್ಕ ಡೊಂಕು. ನಮಗೆ ಬೇಕಾದ್ದು ಎರಡು ತುದಿ ಮಾತ್ರ. ತುದಿಗೊಂದು ಸೆನ್ಸರ್ ಇಡಿ, ಲಿವರ್ ಹೊತ್ತು ಜಾರುವ ಗಾಡಿಗೆ ಚಿಕ್ಕ ನಿಯೋಡಿಮಿಯಂ ಮ್ಯಾಗ್ನೆಟ್ ಅಂಟಿಸಿ. ತುದಿಯ ಹತ್ತಿರ ವೋಲ್ಟೇಜ್ ಬಿರುಸಾಗಿ ಬದಲಾಗುತ್ತೆ, ಕಟ್-ಇನ್‌ಗೆ ಅದೇ ಬೇಕು. ಎರಡು ಉಕ್ಕಿನ ಸರಳಿನ ಮೇಲೆ ಜಾರುವ ಗಾಡಿಯನ್ನು ಲೇತ್ ಕೆಲಸದವರ ಹತ್ತಿರ ಮಾಡಿಸಿ. ಸರಳಿಗೆ ಮ್ಯಾಗ್ನೆಟ್ ಅಂಟದ ಸ್ಟೇನ್‌ಲೆಸ್ ಸ್ಟೀಲ್ ಕೇಳಿ, ಸಾದಾ ಉಕ್ಕಾದರೆ ಮ್ಯಾಗ್ನೆಟ್ ಅದಕ್ಕೇ ಎಳೆದುಕೊಳ್ಳುತ್ತೆ.

ಆರ್ಡುಯಿನೊ ಹಾಕಿ ಕಂಪ್ಯೂಟರ್‌ನಲ್ಲೇ ಕಟ್ ಮಾಡಿದ್ರೆ ಇಷ್ಟೆಲ್ಲ ಬೇಕಾ?

ಲಿಯೊನಾರ್ಡೊ ಥರದ ಆರ್ಡುಯಿನೊ ಬೋರ್ಡ್ ಯುಎಸ್‌ಬಿ ಮಿಡಿ (ವಾದ್ಯ, ಕಂಪ್ಯೂಟರ್ ನಡುವಿನ ಸಂದೇಶದ ಭಾಷೆ) ಆಗಿ ಕೆಲಸ ಮಾಡುತ್ತೆ. ಆದರೆ ಸಾದಾ ಮಿಡಿಯಲ್ಲಿ 128 ಮೆಟ್ಟಿಲು ಮಾತ್ರ, 45 ಮಿಲಿಮೀಟರ್‌ಗೆ ಹಂಚಿದರೆ ಒಂದೊಂದು 0.35 ಮಿಲಿಮೀಟರ್. ಅದರ ಮೇಲೆ ಕಂಪ್ಯೂಟರಿನ ತಡ. 44.1 ಕಿಲೊಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಬಫರ್ ಅಂದರೆ 5.8 ಮಿಲಿಸೆಕೆಂಡ್, 64 ಅಂದರೆ 1.5. ಕೈಗೂ ಕಿವಿಗೂ ನಡುವಿನ ಈ ತಡ ಬೆರಳಿಗೆ ಗೊತ್ತಾಗುತ್ತೆ. ಕಟ್ ಮಾಡುವ ಕೆಲಸ ಅನಲಾಗ್‌ನಲ್ಲೇ ಇರಲಿ ಅನ್ನುವವನು ನಾನು.

ರೆಕಾರ್ಡ್‌ಗಳು ಇಲ್ಲಿ ಸಿಗಲ್ಲ. ಟೈಮ್‌ಕೋಡ್ ವಿನೈಲ್ ಜೊತೆ ಈ ಮಿಕ್ಸರ್ ನಡೆಯುತ್ತಾ?

ಚೆನ್ನಾಗಿ ನಡೆಯುತ್ತೆ. ಟೈಮ್‌ಕೋಡ್ ರೆಕಾರ್ಡಿನಲ್ಲಿ ಹಾಡಿಲ್ಲ, ಒಂದು ಸ್ವರ ಇದೆ. ಸೆರಾಟೊ ಕಂಪನಿಯದಾದರೆ 1 ಕಿಲೊಹರ್ಟ್ಸ್. ಅದು ಎಷ್ಟು ವೇಗವಾಗಿ, ಯಾವ ಕಡೆ ಓಡುತ್ತಿದೆ ಅಂತ ನೋಡಿ ಕಂಪ್ಯೂಟರ್ ನಿಮ್ಮ ಫೈಲನ್ನು ಹಾಗೇ ಓಡಿಸುತ್ತೆ. ಮಿಕ್ಸ್ (Mixxx), ಎಕ್ಸ್‌ವ್ಯಾಕ್ಸ್ (xwax) ಎರಡೂ ಉಚಿತ ಸಾಫ್ಟ್‌ವೇರ್, ಎಕ್ಸ್‌ವ್ಯಾಕ್ಸ್ ಲಿನಕ್ಸ್‌ನಲ್ಲಿ ಓಡುತ್ತೆ. ಟರ್ನ್‌ಟೇಬಲ್‌ನಿಂದ ಸೌಂಡ್ ಕಾರ್ಡಿಗೆ, ಸೌಂಡ್ ಕಾರ್ಡಿನ ಲೈನ್ ಔಟ್‌ನಿಂದ ಮಿಕ್ಸರ್‌ಗೆ. ಎರಡು ಟರ್ನ್‌ಟೇಬಲ್ ಆದರೆ ನಾಲ್ಕು ಇನ್, ನಾಲ್ಕು ಔಟ್ ಇರುವ ಸೌಂಡ್ ಕಾರ್ಡ್ ಬೇಕು.

ಡೊಳ್ಳಿನ ಸದ್ದು, ಚಂಡೆ ಸದ್ದು ಸ್ಕ್ರ್ಯಾಚ್ ಮಾಡಿದ್ರೆ ಹೇಗಿರುತ್ತೆ?

ಚಂಡೆ ಅದ್ಭುತವಾಗಿರುತ್ತೆ. ಒಂದೊಂದು ಪೆಟ್ಟಿನ ಶುರು ಚೂಪಾಗಿರುವುದರಿಂದ ರೆಕಾರ್ಡ್ ಎಷ್ಟು ನಿಧಾನ ಎಳೆದರೂ ಪೆಟ್ಟು ಕೇಳುತ್ತೆ. ಡೊಳ್ಳಿನದು ಕೆಳಸ್ವರ ಜಾಸ್ತಿ, ಎಳೆದರೆ ಮಸುಕಾಗುತ್ತೆ. ಕೋಲಿನ ಪೆಟ್ಟು ಮುಂದೆ ಬರುವ ಹಾಗೆ ಹತ್ತಿರದಿಂದ ರೆಕಾರ್ಡ್ ಮಾಡಿಕೊಳ್ಳಿ, 100 ಹರ್ಟ್ಸ್ ಕೆಳಗಿನದನ್ನು ಸ್ವಲ್ಪ ಇಳಿಸಿ. ಭಾಗವತರ ಆಲಾಪದ ಒಂದು ಉದ್ದ ಸ್ವರ ಸಿಕ್ಕರೆ ಟ್ರಾನ್ಸ್‌ಫಾರ್ಮ್‌ಗೆ ಅದಕ್ಕಿಂತ ಒಳ್ಳೆಯದಿಲ್ಲ. ರೆಕಾರ್ಡ್ ಮಾಡುವ ಮೊದಲು ಕಲಾವಿದರನ್ನು ಕೇಳಿ, ಯಾಕೆ ಅಂತ ಹೇಳಿ. ಆಮೇಲೆ ಮಾಡಿದ್ದನ್ನು ಅವರಿಗೇ ಮೊದಲು ಕೇಳಿಸಿ. ತಾಳ ಎಲ್ಲಿ ತಪ್ಪಿದೆ ಅಂತ ಅವರಷ್ಟು ಸರಿಯಾಗಿ ಹೇಳುವವರು ಬೇರೆ ಯಾರೂ ಸಿಗುವುದಿಲ್ಲ.